ಆರು ಬೆರಳು ತಗ್ಗಿದ ಲಾರಿ

ಮೇಸ್ತ್ರಿಗಳ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದರ ತುದಿ ಚಪ್ಪಟೆಯಾಗಿ, ಎಳೆಗೂಸಿನ ಅಂಗಾಲಿನಷ್ಟು ನುಣ್ಣಗಿತ್ತು. ಮಾತಾಡುವಾಗ ಅದನ್ನು ಉಳಿದ ನಾಲ್ಕು ಬೆರಳುಗಳೊಳಗೆ ಮಡಚಿಟ್ಟುಕೊಳ್ಳುತ್ತಿದ್ದರು. ಲಾರಿಯ ಹಿಂದಿನ ಕೊಂಡಿಯನ್ನು ಮುಟ್ಟಿ ನೋಡುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಯುದ್ಧದ ವರ್ಷಗಳು ಅವು. ನಾನು ಮುಳಬಾಗಿಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಮೇಸ್ತ್ರಿಗಳ ಮೋಟಾರು ರಿಪೇರಿ ಶೆಡ್ಡು ಊರಾಚೆ ಕೋಲಾರದ ರಸ್ತೆಯಲ್ಲಿತ್ತು. ಪೆಟ್ರೋಲ್ ಸಿಗುತ್ತಿರಲಿಲ್ಲ. ಮೋಟಾರುಗಳೆಲ್ಲ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಹೊಗೆಯ ಬಲದ ಮೇಲೆ ಏದುಸಿರು ಬಿಡುತ್ತಾ ಓಡುತ್ತಿದ್ದವು. ಮೊದಲು ಎಳೆಯುತ್ತಿದ್ದುದರಲ್ಲಿ ಅರ್ಧ ಎಳೆದರೆ ಹೆಚ್ಚು. ಹಾಗಾಗಿ ಲಾರಿಯ ಹಿಂದೆ ಏನನ್ನಾದರೂ ಕಟ್ಟಬೇಕಾದವರು ಮೊದಲು ಮೇಸ್ತ್ರಿಗಳನ್ನು ಕೇಳುತ್ತಿದ್ದರು.

"ಎಳೆಯೋದು ಬಿಡಪ್ಪಾ, ಹೆಂಗೋ ಎಳೀತದೆ. ಇಳಿಜಾರಲ್ಲಿ ಹಿಂದ್ಲಿಂದ ತಳ್ಳಿದ್ರೆ ನಿಲ್ತದಾ, ಅದು ಹೇಳು" ಎನ್ನುವರು. ಆಮೇಲೆ ಗೆರೆ ಕೊರೆದ ಬಿದಿರು ಕೋಲನ್ನು ಲಾರಿಯ ಹಿಂಬದಿಗೆ ನಿಲ್ಲಿಸುವರು. ಹಿಂದಿನ ಬಂಡಿಯನ್ನು ಕೊಂಡಿಗೆ ಸಿಕ್ಕಿಸಿದ ಮೇಲೆ ಲಾರಿ ಎಷ್ಟು ಬೆರಳು ತಗ್ಗಿತು ಎಂದು ನೋಡುವರು. ನಾಲ್ಕು ಬೆರಳಾದರೆ ಹೋಗಬಹುದು, ಐದಾದರೆ ಇಳಿಸು, ಆರಾದರೆ ಕಟ್ಟಲೇಬೇಡ.

ಅವರದೊಂದು ಅಭ್ಯಾಸ ನನಗೆ ವಿಚಿತ್ರವೆನಿಸುತ್ತಿತ್ತು. ದನವೋ ಕುದುರೆಯೋ ಸಾಗಿಸುವವರು ಎರಡು ಎಂದರೆ ಅವರು ಮೂರಕ್ಕೆ ಲೆಕ್ಕ ಹಾಕುತ್ತಿದ್ದರು. ಒಮ್ಮೆ ಅವರ ಕೈಯ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುತ್ತಾ ಕಾರಣ ಕೇಳಿದೆ. ಹೇಳಿದರು.

ಹತ್ತು ವರ್ಷದ ಹಿಂದೆ ಅವರೇ ಲಾರಿ ಓಡಿಸುತ್ತಿದ್ದರಂತೆ. ಶ್ರೀನಿವಾಸಪುರದ ಕಡೆಗೆ ಎರಡು ಕುದುರೆ ತುಂಬಿದ ಬಂಡಿಯನ್ನು ಲಾರಿಯ ಹಿಂದೆ ಕಟ್ಟಿಕೊಂಡು ಹೊರಟಿದ್ದರು. ನಡುವೆ ಒಂದು ಕಡೆ ಅವರು ಊಟಕ್ಕೆ ಕೂತಿದ್ದಾಗ, ಕುದುರೆಯ ಯಜಮಾನ ಅವರಿಗೆ ಹೇಳದೆ ಮೂರನೆಯದೊಂದನ್ನು ಒಳಗೆ ತುರುಕಿದ್ದ. ಕೆರೆ ಏರಿಗೆ ಇಳಿಯುವ ಇಳಿಜಾರಿನಲ್ಲಿ ಬಂಡಿ ಲಾರಿಯನ್ನು ತಳ್ಳಿತು. ನಿಲ್ಲಿಸಿ ಕೊಂಡಿ ಬಿಗಿ ಮಾಡಲು ಹೋದಾಗ ಹೆಬ್ಬೆರಳು ಸಿಕ್ಕಿಕೊಂಡಿತು. ಕೊಂಡಿ ಕಿತ್ತು ಬಂಡಿ ಕೆರೆಗೆ ಹೋಯಿತು. ಕುದುರೆಗಳ ಜೊತೆ ಒಳಗೆ ಕೂತಿದ್ದ ಆಳು ಮೇಲೆ ಬರಲಿಲ್ಲ.

"ಊಟ ಆದ್ಮೇಲೆ ಹೊರಡೋ ಮುಂಚೆ ಒಂದ್ಸಲ ಕೋಲಿಟ್ಟು ನೋಡಿದ್ರೆ ಆಗ್ತಿತ್ತು. ನೋಡ್ಲಿಲ್ಲ ಕಣಪ್ಪಾ" ಎಂದರು. ಅಂದಿನಿಂದ ಅವರು ಲಾರಿಯ ಚಕ್ರ ಹಿಡಿದಿರಲಿಲ್ಲ.

ಇದಾದ ಕೆಲವು ತಿಂಗಳಿಗೆ ಯಲ್ದೂರಿನ ಕಡೆಯ ಮಾವಿನ ತೋಟದ ಸಾಹುಕಾರರೊಬ್ಬರು ಬೆಂಗಳೂರಿನಿಂದ ಎರಡು ಕುದುರೆ ಕೊಂಡು ತಂದರು. ಹಳೆಯ ಕಾರಿನ ಹಿಂಭಾಗ ಕೊಯ್ದು ತೊಟ್ಟಿ ಕೂರಿಸಿದ ಪುಟ್ಟ ಲಾರಿ ಅವರದು. ಹಿಂದೆ ಎರಡು ಗಾಲಿಯ, ಮರದ ಗೋಡೆಯ ಕುದುರೆ ಬಂಡಿ. ಓಡಿಸಲು ಒಬ್ಬ ಡ್ರೈವರಿದ್ದ. ಮುಳಬಾಗಿಲು ತಲುಪುವಷ್ಟರಲ್ಲಿ ಬಿಳಿ ಹೆಣ್ಣು ಕುದುರೆಗೆ ಹೊಟ್ಟೆನೋವು ಬಂದಿತ್ತು. ನಾನು ಔಷಧಿ ಕುಡಿಸಿದೆ. ತೋಟದವರೆಗೂ ಜೊತೆಗೇ ಕೂತು ನೋಡಿಕೊಳ್ಳಬೇಕೆಂದು ಡಾಕ್ಟರು ಕಳಿಸಿದರು. ನನ್ನ ಹೆಂಡತಿಗೆ ಆಗ ಎಂಟು ತಿಂಗಳು. ಸಂಜೆಯೊಳಗೆ ಬರುತ್ತೇನೆಂದು ಹೇಳಿ ಹೊರಟೆ.

ಶೆಡ್ಡಿನಲ್ಲಿ ಮೇಸ್ತ್ರಿಗಳು ಕೋಲಿಟ್ಟರು. ನಾಲ್ಕು ಬೆರಳು.

"ಹೋಗಬಹುದು. ಅದೇ ಕೆರೆ ಇಳಿಜಾರು ದಾರೀಲಿದೆ, ಅದರ ತಲೆ ಮೇಲೆ ಮಾತ್ರ ನಿಲ್ಲಿಸ್ಬೇಕು, ನಾನೂ ಬರ್ತೀನಿ" ಎಂದು ತೊಟ್ಟಿಯಲ್ಲಿ ಇದ್ದಿಲ ಮೂಟೆಯ ಪಕ್ಕ ಹತ್ತಿ ಕೂತರು.

ನಾನು ಬಂಡಿಯೊಳಗೆ ಎರಡು ಕುದುರೆಗಳ ನಡುವಿನ ಹಲಗೆಗೆ ಒರಗಿ ಹುಲ್ಲಿನ ಮೇಲೆ ಕೂತೆ. ದಾರಿಯುದ್ದಕ್ಕೂ ಎಲ್ಲವೂ ಸರಿಯಾಗಿತ್ತು. ಇಳಿಜಾರು ಹತ್ತಿರವಾದಂತೆ ಕುದುರೆಗಳೆರಡೂ ಮೇವು ಬಿಟ್ಟವು. ಬಿಳಿಯದು ಎಡಗೋಡೆಗೆ, ಕಂದು ಬಣ್ಣದ್ದು ಬಲಗೋಡೆಗೆ ಒತ್ತಿಕೊಂಡು ನಿಂತವು. ಯಾವುದಕ್ಕೋ ಜಾಗ ಬಿಟ್ಟುಕೊಟ್ಟಂತೆ. ಮಟಮಟ ಮಧ್ಯಾಹ್ನದಲ್ಲಿ ನನ್ನ ಕುತ್ತಿಗೆಯ ಹಿಂದೆ ಒದ್ದೆ ಉಸಿರು ತಾಗಿತು. ತಿರುಗಿ ನೋಡಿದರೆ ಹಲಗೆ ಮಾತ್ರ.

ಲಾರಿ ನಿಂತಿತು. ಹೊರಗೆ ಕೋಲು ನೆಲಕ್ಕೆ ತಾಗಿದ ಸದ್ದು. ಆಮೇಲೆ ಬಾಗಿಲು ತೆರೆಯಿತು. ಮೇಸ್ತ್ರಿಗಳ ಮುಖದಲ್ಲಿ ರಕ್ತವಿರಲಿಲ್ಲ.

"ಆರು ಬೆರಳು" ಎಂದರು. "ಇಳಿ."

"ಔಷಧಿ ಕುಡಿದಿದೆ ಮೇಸ್ತ್ರಿಗಳೇ, ಬಿಟ್ಟು ಇಳಿಯೋ ಹಾಗಿಲ್ಲ."

"ದಿಗು ನಾಯ್ನಾ, ದಿಗು!" ಎಂದು ಗದರಿದರು. ಹೆದರಿದಾಗ ಅವರ ಬಾಯಿಗೆ ಮನೆಮಾತು ತೆಲುಗೇ ಬರುತ್ತಿತ್ತು. ತೋಳು ಹಿಡಿದು ನನ್ನನ್ನು ಎಳೆದುಕೊಂಡರು.

ಕುದುರೆಗಳನ್ನೂ ಇಳಿಸಿದೆವು. ಅಷ್ಟು ಭಾರ ಇಳಿದ ಮೇಲೆ ಲಾರಿಯ ಹಿಂಬದಿ ಮೇಲೇಳಬೇಕು. ಮೇಸ್ತ್ರಿಗಳು ಮತ್ತೆ ಕೋಲಿಟ್ಟರು. ನಾನೂ ಬಗ್ಗಿ ನೋಡಿದೆ. ಆರು ಬೆರಳೇ ಇತ್ತು. ಹೆಬ್ಬೆರಳನ್ನು ಕೊಂಡಿಯ ಮೇಲಿಟ್ಟ ಮೇಸ್ತ್ರಿಗಳು ಬಿಸಿ ತಾಗಿದವರಂತೆ ಕೈ ಕಿತ್ತುಕೊಂಡರು.

"ಸ್ಪ್ರಿಂಗ್ ಕಂಬಿ ಹಿಡ್ಕೊಂಡಿರ್ತದೆ ಕಣಯ್ಯಾ, ಹಳೇ ಗಾಡಿ" ಎಂದರು ಸಾಹುಕಾರರು.

"ಕೊಂಡಿ ಬಿಚ್ಚಿಬಿಡಿ ಸ್ವಾಮಿ. ಊರಿಂದ ಎತ್ತು ತರಿಸಿ ಹಗ್ಗ ಕಟ್ಟಿ ಇಳಿಸೋಣ."

"ಖಾಲಿ ಬಂಡಿ ಇಳಿಸಕ್ಕೆ ಎತ್ತು ಬೇಕಾ? ನಡೆಯೋ ಡ್ರೈವರೂ, ಹೊತ್ತಾಗ್ತದೆ."

ಮೇಸ್ತ್ರಿಗಳು ಡ್ರೈವರಿನ ಕಿಟಕಿಗೆ ಹೋಗಿ, "ಬಾಗಿಲು ಹಾಕ್ಬೇಡ. ನಾನು ಕೂಗಿದ್ರೆ ಹಿಂದೆ ನೋಡ್ದೆ ಹಾರು" ಎಂದರು. ಡ್ರೈವರು ನಕ್ಕ. ಆದರೆ ಬಾಗಿಲು ಹಾಕಲಿಲ್ಲ.

ಲಾರಿ ಇಳಿಯತೊಡಗಿತು. ನಾವು ಕುದುರೆಗಳನ್ನು ಹಿಡಿದು ರಸ್ತೆಬದಿಯಲ್ಲಿ ನಿಂತಿದ್ದೆವು. ಗಾಳಿಯಿರಲಿಲ್ಲ. ತುಂಬಿದ ಕೆರೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಬಿಳಿ ಕುದುರೆ ಕಿವಿ ನಿಮಿರಿಸಿ, ಇಳಿಯುತ್ತಿದ್ದ ಬಂಡಿಯ ಕಡೆಗೆ ಕೆನೆಯಿತು. ಕೆಳಗಿನಿಂದ ಮತ್ತೊಂದು ಕೆನೆತ ಬಂತು. ಏರಿಗೆ ಬಡಿದ ಪ್ರತಿಧ್ವನಿ ಎಂದುಕೊಂಡೆ. ಸಾಹುಕಾರರು ನನ್ನ ಮುಖ ನೋಡಿದರು.

ಅರ್ಧ ದಾರಿಯಲ್ಲಿ ಡ್ರೈವರು ಬ್ರೇಕು ಒತ್ತಿದ್ದು ಕಾಣಿಸಿತು. ಲಾರಿಯ ಗಾಲಿಗಳು ನಿಂತವು, ಲಾರಿ ನಿಲ್ಲಲಿಲ್ಲ. ಖಾಲಿ ಬಂಡಿ ಅದನ್ನು ಜಲ್ಲಿಯ ಮೇಲೆ ಜಾರಿಸಿಕೊಂಡು ಹೋಗುತ್ತಿತ್ತು.

"ದೂಕು!" ಎಂದು ಮೇಸ್ತ್ರಿಗಳು ಕಿರುಚಿದರು. ಡ್ರೈವರು ಹಾರಿ ಉರುಳಿದ. ಲಾರಿ ಅಡ್ಡಡ್ಡ ತಿರುಗಿತು, ಬಂಡಿ ಅದನ್ನು ನೂಕಿಕೊಂಡೇ ಏರಿ ದಾಟಿ ನೀರಿಗೆ ಬಿತ್ತು. ಇದ್ದಿಲ ಒಲೆ ಬುಸ್ಸೆಂದು ಆರಿತು. ಸ್ವಲ್ಪ ಹೊತ್ತು ಗುಳ್ಳೆಗಳು ಬಂದು, ಅವೂ ನಿಂತವು.

ಮೇಸ್ತ್ರಿಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಗುವಿನಂತೆ ಅತ್ತರು. ನನ್ನ ಕೈಯನ್ನು ಬಿಡಲೇ ಇಲ್ಲ.

ವಾರದ ಮೇಲೆ ಬಂಡಿಯನ್ನು ಎತ್ತು ಕಟ್ಟಿ ಎಳೆದು ತೆಗೆದಾಗ ನಾನೂ ಹೋಗಿದ್ದೆ. ಲಾರಿಯ ಹಿಂಬದಿಯ ಕಬ್ಬಿಣ ಬಂಡಿಯೊಳಕ್ಕೆ ನುಗ್ಗಿ, ನಾನು ಒರಗಿದ್ದ ಹಲಗೆಯನ್ನು ಸೀಳಿ ಆಚೆ ಬಂದಿತ್ತು. ತುಕ್ಕು ಹಿಡಿದ ಕಂಬಿಗಳು ಬಿಗಿದುಕೊಂಡಿದ್ದವು, ಅದಕ್ಕೇ ಹಾಗಾಯಿತು ಎಂದು ಬೇರೊಬ್ಬ ಮೆಕ್ಯಾನಿಕ್ ಹೇಳಿದ. ಇರಬಹುದು. ಬಿಗಿದ ಕಂಬಿ ಲಾರಿಯನ್ನು ತಗ್ಗಿಸಿಟ್ಟೀತು. ನಿಂತ ಗಾಲಿಗಳನ್ನು ಖಾಲಿ ಬಂಡಿ ಹೇಗೆ ತಳ್ಳಿತು ಎಂದು ನಾನು ಕೇಳಲಿಲ್ಲ.

ಮುಂದಿನ ತಿಂಗಳು ನನಗೆ ಮಗಳು ಹುಟ್ಟಿದಳು. ಎರಡು ವರ್ಷಕ್ಕೆ ಮಾಲೂರಿಗೆ ವರ್ಗವಾಯಿತು. ನೋಡಲು ಬರುತ್ತೇನೆಂದು ಮೇಸ್ತ್ರಿಗಳಿಗೆ ಹೇಳಿಕಳಿಸುತ್ತಲೇ ವರ್ಷಗಳು ಕಳೆದವು. ಮೇಸ್ತ್ರಿಗಳು ತೀರಿಕೊಂಡ ಸುದ್ದಿ ಬಸ್ಸಿನ ಕಂಡಕ್ಟರೊಬ್ಬರಿಂದ ತಿಳಿಯುವಷ್ಟರಲ್ಲಿ ಹದಿನೈದು ದಿನವಾಗಿತ್ತು. ಮಗಳನ್ನು ಕರೆದುಕೊಂಡು ಹೋದೆ.

ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಅವರು ನೋಡಿದ್ದೇ ಕಡಿಮೆ. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ದನದ ಆಸ್ಪತ್ರೆಯವನು ಎಂದೆ. ಆಗ ಎದ್ದು ಹತ್ತಿರ ಬಂದರು.

"ಇಳಿದೋರು ನೀವೇನಾ?"

ನನಗೆ ಅರ್ಥವಾಗಲಿಲ್ಲ.

"ಹೆಸರು ಯಾವತ್ತೂ ಹೇಳ್ತಿರ್ಲಿಲ್ಲಪ್ಪಾ ಅವ್ರು. ದಿನಾ ಮಲಗೋ ಮುಂಚೆ ಅನ್ನೋರು, ಒಬ್ಬ ಇಳೀಲಿಲ್ಲ, ಒಬ್ಬ ಇಳಿದ ಅಂತ. ಅಷ್ಟು ಅಂದ್ಮೇಲೇ ಅವ್ರಿಗೆ ನಿದ್ದೆ."

ಆಮೇಲೆ ಮಗಳ ಗಲ್ಲ ಹಿಡಿದು ಮುಖ ಮೇಲೆತ್ತಿ, "ನೀವು ಇಳಿದಾಗ ಇವ್ಳು ಹುಟ್ಟಿದ್ಲಾ?" ಎಂದು ಕೇಳಿದರು.

"ಇಲ್ಲಮ್ಮಾ, ಆಮೇಲೆ" ಎಂದೆ.