ಮನೆ ಮುಟ್ಟಿದ ಮೇಲೆ ನೀರು

ಜಹೀರಾಬಾದಿಗೆ ಬಂದ ಮೊದಲ ವಾರ ನನ್ನ ಯಂತ್ರದಲ್ಲಿ ಒಬ್ಬ ಹೆಂಗಸಿನ ಗರ್ಭಕೋಶವೂ ಸರಿಯಾಗಿ ಕಾಣಲಿಲ್ಲ. ಕಿಬ್ಬೊಟ್ಟೆಗೆ ತಣ್ಣನೆಯ ಲೇಪ ಸವರಿ, ಯಂತ್ರಕ್ಕೆ ತಂತಿಯಲ್ಲಿ ಜೋಡಿಸಿದ ಸೋಪಿನ ಗಾತ್ರದ ತುಂಡನ್ನು ಎಷ್ಟು ಒತ್ತಿ ಹಿಡಿದರೂ ಪರದೆಯ ಮೇಲೆ ಬರೀ ಮಂಜು. ಮೈಸೂರಿನಲ್ಲಿ ಎಕ್ಸ್-ರೇ ಕೆಲಸ ಕಲಿತು, ಹೈದರಾಬಾದಿನಲ್ಲಿ ಆರು ತಿಂಗಳು ಅಲ್ಟ್ರಾಸೌಂಡ್ ಕಲಿತು, ಎಂಬತ್ತರ ದಶಕ ಮುಗಿಯುತ್ತ ಬಂದ ಹೊತ್ತಿನಲ್ಲಿ ಇಲ್ಲಿನ ಒಂದು ಸಣ್ಣ ಖಾಸಗಿ ದವಾಖಾನೆ ಸೇರಿದ್ದೆ. ಡಾಕ್ಟರು ಗಂಡಸು. ಅವರೆದುರು ಸೀರೆ ಸಡಿಲಿಸಲು ಹೆಂಗಸರು ಒಪ್ಪುವುದಿಲ್ಲವೆಂದೇ ನನ್ನನ್ನು ಕರೆಸಿಕೊಂಡಿದ್ದರು. ಈಗ ನೋಡಿದರೆ ಹೆಂಗಸರು ಒಪ್ಪಿದ್ದಾರೆ, ಯಂತ್ರ ಒಪ್ಪುತ್ತಿಲ್ಲ!

ನಂಜನಗೂಡಿನ ಕಡೆ ಕೂತು ಓದುವ ನಿಮಗೆ ಈ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಯಂತ್ರ ನಮ್ಮ ಕಿವಿಗೆ ಕೇಳದ ಸದ್ದನ್ನು ಹೊಟ್ಟೆಯೊಳಗೆ ಕಳಿಸುತ್ತದೆ. ಅದು ಒಳಗಿನ ಅಂಗಗಳಿಗೆ ತಾಗಿ ವಾಪಸು ಬಂದಾಗ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಕರುಳಿನ ಗಾಳಿ ಅಡ್ಡ ಬಂದರೆ ಮುಗಿಯಿತು, ಏನೂ ಕಾಣದು. ಅದಕ್ಕೇ ರೋಗಿ ಒಂದು ಗಂಟೆ ಮೊದಲು ನಾಲ್ಕೈದು ಲೋಟ ನೀರು ಕುಡಿದು, ಮೂತ್ರ ತಡೆದುಕೊಂಡು ಮಲಗಬೇಕು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ ಕಿಟಕಿಯಂತೆ ನಿಲ್ಲುತ್ತದೆ. ಅದರ ಹಿಂದೆ ಹೆಂಗಸರಿಗೆ ಗರ್ಭಕೋಶ, ಅಂಡಾಶಯ. ಗಂಡಸರಿಗೆ ಅವರ ಗ್ರಂಥಿಗಳು. ನೀರಿಲ್ಲದಿದ್ದರೆ ಕಿಟಕಿಯೂ ಇಲ್ಲ.

ಬರುವ ಮುಂಚೆ ಪುಸ್ತಕ ಇಟ್ಟುಕೊಂಡು ತೆಲುಗು ಕಲಿತಿದ್ದೆ. ಮೊದಲ ದಿನ ಬೆಂಚಿನ ಮೇಲಿದ್ದ ಹೆಂಗಸನ್ನು "ನೀಳ್ಳು ತಾಗಾರಾ?" ಎಂದು ಕೇಳಿದೆ, ನೀರು ಕುಡಿದಿರಾ ಅಂತ. ಆಕೆ, "ಕುಡದೀನ್ರಿ ಬಾಯಾರ," ಎಂದಳು. ಅರೆ, ಕನ್ನಡ! ಆಂಧ್ರದಲ್ಲಿ ಕನ್ನಡ ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಕೆ ಮಾತು ಮುಂದುವರಿಸಿದಾಗ ಅದು ಅರ್ಧಕ್ಕೆ ಇಳಿಯಿತು. ಒಂದೇ ಉಸಿರಿನಲ್ಲಿ ನಮ್ಮ ಭಾಷೆ, ತೆಲುಗು, ಉರ್ದು ಮೂರೂ ಬರುತ್ತಿದ್ದವು. ನಾನು 'ಹೋಗಿದ್ದಾನೆ' ಅಂದರೆ ಇವರು 'ಹೋಗ್ಯಾನ' ಅನ್ನುತ್ತಾರೆ, 'ಅಮ್ಮಾವ್ರೇ' ಅನ್ನುವುದಕ್ಕೆ 'ಬಾಯಾರ'. ನನ್ನ ಮಾತು ಕೇಳಿ ಬೆಂಚಿನಲ್ಲಿದ್ದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ತೆಲುಗು ಮಾತಾಡಿದ್ದರೆ ಹೊರಗಿನವಳು ಅನಿಸಿಕೊಳ್ಳುತ್ತಿದ್ದೆ, ಅಷ್ಟೆ. ಕನ್ನಡ ಮಾತಾಡಿ ಹೊರಗಿನವಳಾಗುವುದು ಜಾಸ್ತಿ ನೋಯಿಸಿತು.

ಮನೆ ಹುಡುಕಿದ್ದು ಇನ್ನೊಂದು ಪಾಡು. ನಾವು ಕಕ್ಕಸು ಅನ್ನುವುದಕ್ಕೆ ಇಲ್ಲಿ ಪಾಯಿಖಾನೆ ಅನ್ನುತ್ತಾರೆ. ನೋಡಿದ ಮೊದಲ ಎರಡು ಮನೆಗಳಲ್ಲಿ ಅದು ಇರಲಿಲ್ಲ. ಮೂರನೆಯದರ ಹಿತ್ತಲಲ್ಲಿ ಇತ್ತು, ಅಲ್ಲೇ ಉಳಿದೆ. ಮನೆಯೊಡತಿ ಮಾಣಿಕಮ್ಮ ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿಯದೆ ಹನಿ ನೀರೂ ಮುಟ್ಟದ ಹೆಂಗಸು. ಮುದ್ದೆ ಇಲ್ಲದೆ ನಾನು ಸೊರಗುತ್ತಿದ್ದರೆ, ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಎದುರಿಗೇ ಕೂರುತ್ತಿದ್ದರು. "ತಿನ್ರಿ, ಗಾಳಿ ಬಂದ್ರ ಹಾರಿ ಹೋಗ್ತೀರಿ," ಅನ್ನುತ್ತಿದ್ದರು. ಊರಿನ ಹುಣಸೆ ಸಾರು ಎಷ್ಟೋ ಸಲ ನೆನಪಾಗುತ್ತಿತ್ತು. ಇಲ್ಲಿನ ನೀರು ಬೇರೆ ಸವುಳು, ಬೇಳೆ ಬೇಯುವುದೇ ಇಲ್ಲ.

ಆ ಮೊದಲ ವಾರದಲ್ಲೇ ಕಾಶಮ್ಮ ಬಂದದ್ದು. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಝರಾಸಂಗಂ ಹತ್ತಿರದ ಹಳ್ಳಿಯವಳು, ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಜೊತೆಗೆ ಅತ್ತೆ ಬಂಡೆಮ್ಮ. ನೀರು ಕುಡಿದಿದ್ದೀಯಾ ಅಂದರೆ ಕಾಶಮ್ಮ ಹೂಂ ಅಂದಳು. ಪರದೆಯಲ್ಲಿ ಅದೇ ಮಂಜು. ಅಂದು ಆಕೆ ಆರನೆಯವಳು, ನನ್ನ ತಲೆ ಕೆಟ್ಟಿತ್ತು. "ಸುಳ್ಳು ಯಾಕಮ್ಮಾ ಹೇಳ್ತೀಯಾ? ನನಗೇನೂ ಕಾಣ್ತಿಲ್ಲ!" ಎಂದು ರೇಗಿದೆ. ಬಾಗಿಲಲ್ಲಿ ನಿಂತಿದ್ದ ಬಂಡೆಮ್ಮ, "ಗರ್ಭಚೀಲ ಕಾಣಲ್ದೇನ್ರಿ?" ಎಂದು ಕೇಳಿದರು. ಕಾಣಲ್ಲ, ಇನ್ನೊಂದು ದಿನ ಬನ್ನಿ ಎಂದು ಕೈ ಒರೆಸಿಕೊಂಡು ಮುಂದಿನವರನ್ನು ಕರೆದೆ. ಆಕೆಯ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮಾಣಿಕಮ್ಮ ರೊಟ್ಟಿ ತಟ್ಟುತ್ತಾ ಸುದ್ದಿ ಹೇಳಿದರು.

"ನಮ್ಮ ಬೀಗರ ಪೈಕಿ ಬಂಡೆಮ್ಮ ಅಂತ ಅದಾಳ. ಮಗಗ ಇನ್ನೊಂದು ಹೆಣ್ಣು ನೋಡಾಕ ಹತ್ಯಾಳ, ಸಿರ್ಗಾಪುರದಾಗ. ಪಾಪ, ಸೊಸಿಗೆ ಗರ್ಭಚೀಲನೇ ಇಲ್ಲಂತ. ಮಷೀನ್‌ದಾಗ ನೋಡಿ ಹೇಳ್ಯಾರಂತ."

"ಯಾವ ಮಷೀನು?" ಅಂದೆ.

"ಜಹೀರಾಬಾದ್‌ದಾಗ ಇರೋದ ಒಂದು ಮಷೀನಲ್ರಿ," ಅಂದರು ಮಾಣಿಕಮ್ಮ. ತಟ್ಟುವ ಕೈ ನಿಂತಿತು. ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು.

ತಟ್ಟೆ ಪಕ್ಕಕ್ಕೆ ಸರಿಸಿದೆ. ನನಗೆ ಕಾಣದ್ದನ್ನು ಅವರು ಇಲ್ಲವೆಂದೇ ತಿಳಿದಿದ್ದರು. ತಪ್ಪೇನು? ಮನುಷ್ಯರ ಕಣ್ಣಿಗೆ ಕಾಣದ್ದನ್ನೂ ಕಾಣುತ್ತದೆ ಎಂದು ನಾವೇ ಯಂತ್ರವನ್ನು ಹೊಗಳಿದ್ದೆವು. ಮರುದಿನವೇ ಆ ಹಳ್ಳಿಗೆ ಹೋಗಿ ಹೇಳಿಬರಬೇಕೆಂದು ಹಟ ಹಿಡಿದೆ. ಮಾಣಿಕಮ್ಮ ಜೊತೆಗೆ ಹೊರಟರು.

ಹೊರಡುವಾಗ ನಾನು ಎರಡು ಲೋಟ ನೀರು ಕುಡಿದೆ. ಮಾಣಿಕಮ್ಮ ಮುಟ್ಟಲಿಲ್ಲ. ಬಿಸಿಲಲ್ಲವೇ, ಕುಡೀರಿ ಎಂದರೆ, "ಬ್ಯಾಡ್ರಿ" ಅಂದರು. ಬಸ್ಸು ತಡವಾಗಿ ಬಂತು. ಝರಾಸಂಗಂನಲ್ಲಿ ಇಳಿದಾಗ ನನಗೆ ತಡೆಯಲಾಗುತ್ತಿರಲಿಲ್ಲ. ಅಲ್ಲಿಂದ ಎರಡು ಮೈಲಿ ನಡಿಗೆ. ಎರಡೂ ಕಡೆ ಕೊಯ್ಲಾದ ಜೋಳದ ಹೊಲ, ಮೊಣಕಾಲೆತ್ತರದ ಮರೆಯೂ ಇಲ್ಲ, ದಾರಿಯುದ್ದಕ್ಕೂ ಗಂಡಸರು. ಅವರೋ, ಬೇಕೆಂದಾಗ ಬೇಲಿ ಕಡೆ ತಿರುಗಿ ನಿಲ್ಲುತ್ತಿದ್ದರು. ಹೆಜ್ಜೆಹೆಜ್ಜೆಗೂ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಮಾಣಿಕಮ್ಮ ಮೊದಲು ನಕ್ಕರು, ಆಮೇಲೆ ಕೈ ಹಿಡಿದುಕೊಂಡರು.

"ಊರಿಗೆ ಹೊಂಟ್ರ ನೀರು ಕುಡೀಬಾರ್ದು ಬಾಯಾರ. ಮನಿ ಮುಟ್ಟಿದ ಮ್ಯಾಲೇ ನೀರು. ನಿಮ್ಮ ಕಡಿ ಹೆಣ್ಮಕ್ಕಳಿಗೆ ಇದು ಗೊತ್ತಿಲ್ಲೇನು?"

ನಮ್ಮ ಕಡೆ ಹೆಂಗಸರಿಗೂ ಗೊತ್ತಿತ್ತೇನೋ. ಹಿತ್ತಲಲ್ಲಿ ಕಕ್ಕಸಿದ್ದ ಮನೆಯಲ್ಲಿ ಬೆಳೆದ ನನಗೆ ಕೇಳಬೇಕೆಂದು ಹೊಳೆದಿರಲಿಲ್ಲ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಕಾಶಮ್ಮ ನನ್ನ ನಡಿಗೆ ನೋಡಿ ವಿಷಯ ತಿಳಿದುಕೊಂಡಳು. ಯಾಕೆ ಬಂದಿರಿ ಅಂತಲೂ ಕೇಳದೆ ಹಿತ್ತಲ ಬಣವೆಯ ಹಿಂದೆ ಕರೆದೊಯ್ದು, ಹಗ್ಗದ ಮೇಲಿದ್ದ ಸೀರೆ ಎಳೆದು ಮರೆ ಹಿಡಿದು ನಿಂತಳು. ಆ ಸೀರೆಯ ಈಚೆ ಕೂತುಕೊಂಡೇ ಕೇಳಿದೆ: "ಕಾಶಮ್ಮಾ, ಅವತ್ತು ನೀನು ನೀರು ಕುಡಿದಿರಲಿಲ್ಲ ಅಲ್ವಾ?"

ಆಕೆ ಸೀರೆಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದಳು.

"ಇಲ್ರಿ. ಹಿಂದಿನ ದಿನ ಸಂಜಿಲಿಂದ ಕುಡದಿದ್ದಿಲ್ಲ. ಕುಡದು ಎಲ್ಲಿ ಹೋಗ್ಲಿ ಹೇಳ್ರಿ? ಬಸ್‌ದಾಗ ಆಗಂಗಿಲ್ಲ, ಸಂತ್ಯಾಗ ಆಗಂಗಿಲ್ಲ. ನಿಮ್ಮ ದವಾಖಾನ್ಯಾಗ ಪಾಯಿಖಾನಿಗೆ ಕೀಲಿ ಹಾಕಿರಿ. ಕುಡದಿಲ್ಲಂದ್ರ ನೀವು ಬೈತೀರಿ ಅಂತ ಕುಡದೀನಿ ಅಂದೆ."

ಕೀಲಿ ಹಾಕಿದ್ದು ನಿಜ. ಒಳಗೆ ಮಲಗಿದ ರೋಗಿಗಳಿಗೆ ಮಾತ್ರ ಅದು. ನಾಲ್ಕು ಲೋಟ ಕುಡಿದು ಬನ್ನಿ ಎಂದು ಚೀಟಿ ಬರೆದುಕೊಟ್ಟ ನಾನು, ಪರೀಕ್ಷೆ ಮುಗಿದ ಮೇಲೆ ಇವರು ಎಲ್ಲಿಗೆ ಹೋಗಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಸತ್ತೇಹೋದೆ.

ಬಂಡೆಮ್ಮನ ಎದುರು ಕೂತು ತಪ್ಪು ನನ್ನದೆಂದೆ. ಅವರು ಸುಲಭಕ್ಕೆ ನಂಬುವವರಲ್ಲ. "ಅಂದ್ರ ಮಷೀನು ಸುಳ್ಳು ಹೇಳ್ತೇನು?"

"ಮಷೀನಲ್ಲಮ್ಮಾ, ನಾನು. ಹೊಟ್ಟೆಯಲ್ಲಿ ನೀರಿರಲಿಲ್ಲ, ನನಗೆ ಕಾಣಲಿಲ್ಲ. ಇದ್ದದ್ದು ಎಲ್ಲಿಗೂ ಹೋಗಿಲ್ಲ."

"ಹುಣ್ಣಿಮಿಗೆ ಸಿರ್ಗಾಪುರದವರು ಬರ್ತಾರ. ಎಂಟು ದಿನ ಅದ. ಅದರಾಗ ತೋರಸ್ರಿ, ನನ್ನ ಕಣ್ಣೀಲೆ ನೋಡಬೇಕು ನಾ," ಅಂದರು. ಬಾಗಿಲ ಮರೆಯಲ್ಲಿದ್ದ ಕಾಶಮ್ಮ ನನ್ನನ್ನೇ ನೋಡುತ್ತಿದ್ದಳು. ಇರುವುದು ಇದೆಯೆಂದು ತೋರಿಸಲಾಗದಿದ್ದರೆ ಆ ಮನೆಯಲ್ಲಿ ಆಕೆಯ ಜಾಗ ಹೋಗುತ್ತಿತ್ತು.

ಮರುದಿನ ಡಾಕ್ಟರ ಜೊತೆ ಜಗಳವೇ ಆಯಿತು. ಪಾಯಿಖಾನೆಯ ಕೀಲಿ ಕೊಡಿ ಎಂದೆ. ಹೊರಗಿನವರಿಗೆಲ್ಲ ತೆರೆದರೆ ತೊಳೆಯುವವರು ಯಾರು ಎಂದರು. "ನಾನು ತೊಳೀತೀನಿ, ಇಲ್ಲದಿದ್ದರೆ ನಿಮ್ಮ ಯಂತ್ರದ ಮೇಲೆ ಬಟ್ಟೆ ಹೊದಿಸಿ ಊರಿಗೆ ಹೋಗ್ತೀನಿ," ಎಂದೆ. ನನ್ನ ಬಾಯಿ ಜೋರು ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಡಾಕ್ಟರು ಕೀಲಿಯನ್ನು ಮೇಜಿನ ಮೇಲಿಟ್ಟರು. ಈಗಲೂ ಅದು ಯಂತ್ರದ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಪರವೂರಿನಲ್ಲಿ ನಾನು ಗೆದ್ದದ್ದು ಅಂತ ಏನಾದರೂ ಇದ್ದರೆ ಅದೇ.

ಹುಣ್ಣಿಮೆಗೆ ಎರಡು ದಿನ ಇರುವಾಗ ಅತ್ತೆ ಸೊಸೆ ಬಂದರು; ಈ ಸಲ ಕಾಶಮ್ಮನ ಗಂಡ ಸಂಗಪ್ಪನೂ ಇದ್ದ. ಮೊದಲು ನೇರ ಮಾಣಿಕಮ್ಮನ ಮನೆ. ಅಲ್ಲಿ ಕಾಶಮ್ಮ ಒಂದಾದ ಮೇಲೊಂದು ಆರು ಲೋಟ ನೀರು ಕುಡಿದಳು, ಕಣ್ಣು ಮುಚ್ಚಿಕೊಂಡು ಕಷಾಯ ಕುಡಿದ ಹಾಗೆ. ಒಂದು ಗಂಟೆ ಕಳೆದು ದವಾಖಾನೆಗೆ ನಡೆದು ಬಂದಳು. ಮಲಗಿಸಿ ಯಂತ್ರದ ತುಂಡನ್ನು ಹೊಟ್ಟೆಯ ಮೇಲಿಟ್ಟೆ. ಪರದೆಯ ಮೇಲೆ ತುಂಬಿದ ಮೂತ್ರಕೋಶ ಕರ್ರಗೆ ಕೆರೆಯಂತೆ ತೆರೆಯಿತು. ಅದರ ಹಿಂದೆ ಬೂದುಬಣ್ಣದ ಗರ್ಭಕೋಶ, ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಅಕ್ಕಪಕ್ಕದಲ್ಲಿ ಅಂಡಾಶಯಗಳು. ಎಲ್ಲವೂ ಇರಬೇಕಾದಲ್ಲಿ, ಇರಬೇಕಾದಷ್ಟು. ಬಂಡೆಮ್ಮನನ್ನು ಒಳಗೆ ಕರೆದು ಬೆರಳಿಟ್ಟು ತೋರಿಸಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಇದೇನ್ರಿ? ಜಾಮಕಾಯಿ ಇದ್ದಂಗ ಅದಲ್ಲ." ನಾವು ಸೀಬೆ ಅನ್ನುವ ಹಣ್ಣನ್ನು ಇಲ್ಲಿ ಜಾಮಕಾಯಿ ಅನ್ನುತ್ತಾರೆ. ಹೌದು, ಅದೇ ಆಕಾರ.

ಕಾಶಮ್ಮ ಕತ್ತು ಹೊರಳಿಸಿ ನೋಡಿದಳು. "ನಂದೇನ್ರಿ ಅದು?"

"ನಿನ್ನದೇ ಕಣೇ," ಅಂದೆ. ಆಕೆಯ ಕಣ್ಣಿನ ನೀರು ಕಿವಿಯ ಕಡೆ ಇಳಿಯಿತು. ನನಗೂ ತಡೆಯಲಾಗಲಿಲ್ಲ.

ಡಾಕ್ಟರು ಚಿತ್ರ ನೋಡಿ, ಈಕೆಯಲ್ಲಿ ಕಾಣುವಂಥ ತೊಂದರೆ ಏನಿಲ್ಲ, ಇನ್ನು ಗಂಡನನ್ನು ನೋಡಬೇಕು ಎಂದರು. ಸಂಗಪ್ಪನಿಗೆ ಸಿಟ್ಟು ಬಂತು. "ಹೆಂಗಸರ ಮಷೀನ್‌ದಾಗ ನಾ ಮಲಗ್ಲೇನ್ರಿ?" ಎಂದ. ಅವನನ್ನು ಒಪ್ಪಿಸಿದ್ದು ತಾಯಿಯೇ: "ಆಕಿ ಮಲಗ್ಯಾಳಲ್ಲ, ನಿನಗೇನಾಗ್ತದ? ಕುಡಿ ನೀರು."

ಕುಡಿದ. ಅರ್ಧ ಗಂಟೆಯಲ್ಲಿ ಎದ್ದು ಹೊರಗಿನ ಗೋಡೆ ಕಡೆ ಹೋಗಿಬಂದ. ಮತ್ತೆ ನಾಲ್ಕು ಲೋಟ ಕುಡಿಸಿದೆವು, ಮತ್ತೆ ಎದ್ದ. ಮೂರನೆಯ ಸಲ ಬೆಂಚಿನ ಮೇಲೆ ತೊಡೆ ಕುಣಿಸುತ್ತಾ, "ಆಗಂಗಿಲ್ರಿ, ಜೀವ ಹೋಗ್ತದ," ಎಂದು ಗೋಗರೆದ. ಹುಟ್ಟಿದಾಗಿನಿಂದ ಒಂದು ದಿನವೂ ತಡೆದುಕೊಳ್ಳುವ ಪ್ರಸಂಗ ಬಾರದವನು ಪಾಪ ಏನು ಮಾಡಿಯಾನು? ಪಕ್ಕದಲ್ಲಿದ್ದ ಕಾಶಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯದೆ ಜೋರಾಗಿ ನಕ್ಕುಬಿಟ್ಟಳು. "ಇಷ್ಟಕ್ಕೇ ಜೀವ ಹೋಗ್ತದೇನು? ನಾವು ದಿನಾ ಹಿಡಕೊಂಡೇ ಇರ್ತೀವಲ್ಲ!" ಬೆಂಚಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಬಂಡೆಮ್ಮನೂ ನಕ್ಕರು. ಸಂಗಪ್ಪ ಸಹ ಕೊನೆಗೆ ಹಲ್ಲು ಕಿರಿದ.

ಅವನ ಪರೀಕ್ಷೆಯನ್ನು ಡಾಕ್ಟರೇ ಮಾಡಿದರು, ನಾನು ಹೊರಗಿದ್ದೆ. ಒಳಗಿನ ಗ್ರಂಥಿಗಳು ಸರಿಯಿದ್ದವು. ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಂಡಿವೆ, ತೊಂದರೆ ಅದರಿಂದಿರಬಹುದು, ಹೈದರಾಬಾದಿನಲ್ಲಿ ಆಪರೇಷನ್ ಮಾಡುತ್ತಾರೆ, ಆದರೂ ಖಾತ್ರಿ ಹೇಳಲಾಗದು ಎಂದರಂತೆ. ಬಂಡೆಮ್ಮ ಮಗನಿಗೆ, "ಸಿರ್ಗಾಪುರದವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸು," ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. ತಮ್ಮ ಕೈಯಾರೆ ಕೀಲಿ ತೆಗೆದುಕೊಂಡು, "ಏಳವಾ, ಇನ್ನೊಮ್ಮೆ ಹೋಗಿ ಬಾ, ದಾರಿ ದೂರ ಅದ," ಎಂದು ಕೊಟ್ಟರು.

ಕಾಶಮ್ಮ ಆ ಚಿತ್ರದ ಕಾಗದ ಕೇಳಿ ಇಸಿದುಕೊಂಡಳು. ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾಳಂತೆ. ಇನ್ನೂ ಮಕ್ಕಳಾಗಿಲ್ಲ. ಆದರೆ ಬೇರೆ ಹೆಣ್ಣಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮೊನ್ನೆ ರಜೆಯಲ್ಲಿ ಊರಿಗೆ ಹೊರಟಾಗ ಸಂತೆಗೆ ಬಂದಿದ್ದ ಕಾಶಮ್ಮ ಬಸ್ಸಿನ ತನಕ ಬಂದಳು. "ಲಗೂನೆ ಮನಿಗೆ ಬಂದ್ಬಿಡ್ರಿ," ಎಂದಳು. ಮನೆಗೇ ಹೊರಟವಳಿಗೆ ಬೇಗ ಮನೆಗೆ ಬನ್ನಿ ಅನ್ನುತ್ತಾಳಲ್ಲ ಎಂದು ನಗು ಬಂತು.

ನಂಜನಗೂಡು ಮುಟ್ಟಿದ ದಿನ ಮನೆ ತುಂಬ ನೆಂಟರು. ಸಂಜೆ ಹೊತ್ತಿಗೆ ನನಗೆ ತಲೆ ಸಿಡಿಯುತ್ತಿತ್ತು. ಅಮ್ಮ ನಡುಮನೆಗೆ ಬಂದು ನೋಡಿದಳು. ಬೆಳಿಗ್ಗೆ ತಂದಿಟ್ಟ ಕಂಚಿನ ಲೋಟದ ನೀರು ಹಾಗೇ ಇತ್ತು. ಒಂದು ವರ್ಷದಿಂದ ಕನಸಿನಲ್ಲೂ ಹಂಬಲಿಸಿದ ಕಪಿಲೆಯ ಸಿಹಿನೀರು ಅದು.

"ಬಂದಾಗಿನಿಂದ ಒಂದು ಗುಟುಕೂ ಕುಡಿದಿಲ್ವಲ್ಲೇ, ಯಾಕೆ?"

"ಇರಲಿ ಬಿಡಮ್ಮ, ಮನೆ ಮುಟ್ಟಿದ ಮೇಲೆ ಕುಡೀತೀನಿ," ಅಂದೆ.

ಅಂದ ಮೇಲೆಯೇ ನನ್ನ ಮಾತು ನನ್ನ ಕಿವಿಗೆ ಬಿತ್ತು. ಅಮ್ಮ ಲೋಟ ಹಿಡಿದುಕೊಂಡು ನಿಂತೇ ಇದ್ದಳು. "ಹಾಗಾದರೆ ಇದು ಯಾವ ಮನೆಯೇ?" ಎಂದು ಮೆಲ್ಲಗೆ ಕೇಳಿದಳು.

ಲೋಟ ಇಸಿದುಕೊಂಡು ಕೊನೆಯ ಹನಿಯವರೆಗೂ ಕುಡಿದೆ.