ಎಡೆಯ ಮೇಜಿನಿಂದ ಎತ್ತಿದ ಬಾಟಲಿ

“ಒಳ್ಳೆ ಅಣ್ಣತಮ್ಮಂದಿರಿಗೆ ಇಟ್ಟಿದ್ದನ್ನೂ ಬಿಡಲ್ವಲ್ಲಯ್ಯ ನೀನು. ಇಷ್ಟು ವರ್ಷ ನಮ್ಮ ಕಸ ಬಾಚಿದ್ದು ಸಾಲದು ಅಂತ ಈಗ ಎಡೆಗೂ ಕೈ ಹಾಕಿದ್ಯಾ?”

ಎರಡು ವರ್ಷಗಳ ಹಿಂದೆ, ಏಳನೆಯ ತಿಂಗಳ ಹುಣ್ಣಿಮೆಯಂದು, ರಸಾಯನಶಾಸ್ತ್ರ ಕಟ್ಟಡದ ಅಂಗಳದಲ್ಲಿ ನಲವತ್ತು ಜನರ ಎದುರು ಪ್ರೊಫೆಸರ್ ವೆಂಗ್ ಅವರು ನಮ್ಮ ಮೇಸ್ತ್ರಿ ಲ್ಯೆನ್ ವಾನ್-ಶೌ ಅವರಿಗೆ ಹೇಳಿದ ಮಾತು ಇದು. ದಿಕ್ಕಿಲ್ಲದ ಪ್ರೇತಗಳಿಗೆ ಎಡೆಯಿಟ್ಟು, ಆ ತಿಂಗಳು ಪೂರ್ತಿ ಪ್ರೇತವೆಂಬ ಶಬ್ದವನ್ನೇ ಆಡದೆ ‘ಒಳ್ಳೆಯ ಅಣ್ಣತಮ್ಮಂದಿರು’ ಎನ್ನುವ ನಮ್ಮ ಥೈನಾನ್ ಊರಿನಲ್ಲಿ, ಅವರ ಪಾಲನ್ನು ಕದಿಯುವುದಕ್ಕಿಂತ ಹೀನ ಕಳ್ಳತನವಿಲ್ಲ. ಮೇಸ್ತ್ರಿಗಳ ಕೈಯಲ್ಲಿ ಎಡೆಯ ಮೇಜಿನಿಂದ ಎತ್ತಿದ ಬಾರ್ಲಿ ಟೀ ಬಾಟಲಿ ಇತ್ತು. ಜನ ನಕ್ಕರು. ‘ಟೀ ಕಳ್ಳ’ ಎಂಬ ಹೆಸರು ಆವತ್ತು ಅವರ ಬೆನ್ನಿಗೆ ಅಂಟಿದ್ದು ಇನ್ನೂ ಬಿಟ್ಟಿಲ್ಲ.

ಮೇಸ್ತ್ರಿಗಳ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಬರೆದುಕೊಡು ಎಂದು ಸಂಪಾದಕರು ಕೇಳಿದಾಗ, ಆ ಹೆಸರು ಹೊತ್ತುಕೊಂಡು ಅವರು ಮನೆಗೆ ಹೋಗಕೂಡದು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡೆ. ವೃತ್ತಿಶಾಲೆಯ ಎರಡನೆಯ ವರ್ಷಕ್ಕೇ ಓದು ಬಿಟ್ಟವನು ನಾನು. ಹೊಗಳುವ ಭಾಷೆ ನನಗೆ ಬಾರದು. ಸಿಟ್ಟು ಬರುತ್ತದೆ. ಅದರಲ್ಲೇ ಬರೆಯುತ್ತೇನೆ.

ಪ್ರಯೋಗಶಾಲೆಯಲ್ಲಿ ಕಂಡುಹಿಡಿದದ್ದು ಪತ್ರಿಕೆಗಳಿಗೆ ಹೋಗುತ್ತದೆ. ಕಂಡುಹಿಡಿಯುವಾಗ ಉಳಿದ ಆಮ್ಲ, ವಿಷ, ಉರಿಯುವ ದ್ರಾವಕಗಳು ಹಿಂಬದಿಯ ಮೆಟ್ಟಿಲಿಳಿದು ತ್ಯಾಜ್ಯದ ಕೋಣೆಗೆ ಬರುತ್ತವೆ. ಆ ಕೋಣೆಯನ್ನು ಮೂವತ್ತೊಂದು ವರ್ಷ ಕಾಯ್ದು, ಒಂದು ಜೀವಕ್ಕೂ ಅಪಾಯವಾಗದಂತೆ ನಡೆಸಿ, ಅರವತ್ತೈದನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಿರುವ ಲ್ಯೆನ್ ಮೇಸ್ತ್ರಿಗಳ ಹೆಸರು ಯಾವ ಪ್ರಬಂಧದ ಕೊನೆಯಲ್ಲೂ ಇಲ್ಲ. ಅವರು ಕೆಲಸಕ್ಕೆ ಸೇರಿದ ದಿನ ಅಲ್ಲಿ ಆಮ್ಲದ ಕ್ಯಾನಿಗೆ ಒರಗಿಕೊಂಡು ಸಯನೈಡಿನ ಡಬ್ಬಿ ನಿಂತಿತ್ತಂತೆ. ಎರಡೂ ಸೇರಿದರೆ ಏಳುವ ಗಾಳಿಯನ್ನು ನಾಲ್ಕು ಸಲ ಉಸಿರಾಡಿದವನು ಐದನೆಯ ಸಲಕ್ಕೆ ಇರುವುದಿಲ್ಲ. ಎಣ್ಣೆ ಸೀಗೆಕಾಯಿಯಂತೆ ಒಂದಕ್ಕೊಂದು ಆಗದವುಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದವರು ಅವರು. ಸೋರಿದರೆ ನೆಲ ಮುಟ್ಟದಂತೆ ಪ್ರತಿ ಕ್ಯಾನಿನ ಕೆಳಗೆ ತಟ್ಟೆ ಇಟ್ಟವರು, ಕ್ಯಾನಿನ ಕುತ್ತಿಗೆಯಲ್ಲಿ ನಾಲ್ಕು ಬೆರಳು ಜಾಗ ಬಿಡದೆ ತುಂಬಿ ತಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದವರು. ಒಳಗೇನಿದೆ ಎಂದು ಕ್ಯಾನಿಗೆ ಅಂಟಿಸುವ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಸುತ್ತಿದ್ದರು, ಏಕೆಂದರೆ ಪೆನ್ನಿನ ಶಾಯಿ ಒಂದು ಹನಿ ದ್ರಾವಕ ಬಿದ್ದರೂ ಹರಿದುಹೋಗುತ್ತದೆ. ಪೆನ್ಸಿಲ್ ಸದಾ ಅವರ ಕಿವಿಯ ಸಂದಿಯಲ್ಲೇ.

ನಾನು ಗಾಡಿ ತಳ್ಳುವವನಾಗಿ ಸೇರಿದ್ದು ಏಳು ವರ್ಷಗಳ ಹಿಂದೆ. ಮೊದಲ ವಾರವೇ, ಚೀಟಿಯ ಮೇಲಿನ ಉದ್ದನೆಯ ಹೆಸರು ಓದಲು ಬಾರದೆ, ಕೇಳಲು ನಾಚಿಕೊಂಡು, ಒಂದು ಸೀಸೆಯ ಆಮ್ಲವನ್ನು ಸ್ಪಿರಿಟಿನ ಡ್ರಮ್ಮಿಗೆ ಸುರಿದೆ. ಡ್ರಮ್ಮು ಬಿಸಿಯಾಗಿ ಕಂದು ಹೊಗೆ ಎದ್ದಿತು. ನಾನು ಓಡಿಹೋಗಿ ಸ್ಕೂಟರುಗಳ ಸಾಲಿನ ಹಿಂದೆ ಕುಕ್ಕುರುಗಾಲಲ್ಲಿ ಅಡಗಿದೆ. ಮೇಸ್ತ್ರಿಗಳು ಕಟ್ಟಡ ಖಾಲಿ ಮಾಡಿಸಿ, ಅಗ್ನಿಶಾಮಕದವರನ್ನು ಕರೆಸಿ, ಆಮೇಲೆ ನನ್ನನ್ನು ಹುಡುಕಿಕೊಂಡು ಬಂದರು. ಹೊಡೆಯುತ್ತಾರೆ ಎಂದುಕೊಂಡೆ.

“ಏನು ಸುರಿದೆ? ಎಷ್ಟು? ಯಾವಾಗ?”

ಅಷ್ಟೇ. ಯಾಕೆ ಎಂದು ಕೇಳಲಿಲ್ಲ. ಹೇಳಿದೆ. ಒಳಗೇನಿದೆ ಎಂದು ಗೊತ್ತಾದ ಮೇಲೆಯೇ ಅಗ್ನಿಶಾಮಕದವರು ಮುಂದಿನ ಹೆಜ್ಜೆ ಇಟ್ಟದ್ದು. ಎಲ್ಲ ತಣ್ಣಗಾದ ಮೇಲೆ ಮೇಸ್ತ್ರಿಗಳು ತಮ್ಮ ಊಟದ ಡಬ್ಬಿಯ ಅನ್ನ, ಬೇಯಿಸಿದ ಹಂದಿಮಾಂಸವನ್ನು ಅರ್ಧ ನನ್ನ ಕಡೆ ತಳ್ಳಿದರು.

“ಬೈಯ್ರಿ ಮೇಸ್ತ್ರಿ. ಬೈದುಬಿಡಿ” ಎಂದೆ.

“ಬೈದ್ರೆ ಮುಂದಿನ ಸಲ ಸ್ಕೂಟರ್ ಹಿಂದೆ ಅಲ್ಲ, ಇನ್ನೂ ದೂರ ಓಡ್ತೀಯ. ಆಗ ಒಳಗೇನಿದೆ ಅಂತ ಯಾರನ್ನ ಕೇಳಲಿ? ತಪ್ಪು ಮಾಡಿದ್ದು ಅಪಾಯ ಅಲ್ಲ ಕಣೋ, ಬಚ್ಚಿಟ್ಟಿದ್ದು ಅಪಾಯ. ತಿನ್ನು.”

ಮರುದಿನದಿಂದ ಊಟದ ಬಿಡುವಿನಲ್ಲಿ ದಿನಕ್ಕೆ ಐದು ಚೀಟಿ ಓದಿಸಿದರು. ಇವತ್ತು ಈ ಲೇಖನ ಬರೆಯುತ್ತಿರುವ ಕೈ ಅವರು ತಿದ್ದಿಸಿದ್ದು. ನಾನು ಕಾರ್ಯಾಲಯದವರ ಮೇಲೆ ಹಾರಾಡಿದಾಗಲೆಲ್ಲ, “ನೀನು ಬೇಗ ಹೊತ್ಕೊಳ್ಳೋ ಜಾತಿ, ನಿನಗೆ ಬೇರೆ ಕಪಾಟೇ ಬೇಕು, ಸೂರ್ಯನ ಬೆಳಕೂ ಬೀಳಬಾರದು” ಎನ್ನುತ್ತಿದ್ದರು.

ವಿದ್ಯಾರ್ಥಿಗಳಿಗೂ ಅದೇ ಮೂರು ಪ್ರಶ್ನೆ. ಹೆಸರಿಲ್ಲದ ಸೀಸೆ ಹಿಡಿದು ಅಳುತ್ತಾ ಬಂದವರನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಅವರ ಪ್ರಯೋಗದ ಪುಸ್ತಕವನ್ನು ಪುಟಪುಟವಾಗಿ ಹಿಂದಕ್ಕೆ ತಿರುವಿ, ಯಾವತ್ತು ಏನು ಸುರಿದಿರಬಹುದೆಂದು ತಾಳ್ಮೆಯಿಂದ ಹುಡುಕಿಸುತ್ತಿದ್ದರು. ಆ ಮೆಟ್ಟಿಲ ಮೇಲೆ ಕೇಳಿದ್ದು ಯಾವ ಪ್ರೊಫೆಸರರ ಕಿವಿಗೂ ಹೋಗಲಿಲ್ಲ. ಹಾಗಾಗಿಯೇ ಕದ್ದು ಚರಂಡಿಗೆ ಹೋಗಬಹುದಾಗಿದ್ದ ಸಾವಿರಾರು ಸೀಸೆಗಳು ಅವರ ಬಾಗಿಲಿಗೆ ಬಂದವು.

ಇನ್ನು ಆ ಬಾಟಲಿ. ಫಾಂಗ್ ಯೂ-ಚೆನ್ ಆಗ ವೆಂಗ್ ಅವರ ಪ್ರಯೋಗಶಾಲೆಯ ವಿದ್ಯಾರ್ಥಿನಿ. ಪದವಿಗೆ ಆರು ತಿಂಗಳು ಬಾಕಿ. ಹಿಂದಿನ ತಿಂಗಳಷ್ಟೇ ವೆಂಗ್ ಅವಳಿಗೆ ಎಲ್ಲರೆದುರು, “ಸುರಕ್ಷತೆ ವಿಷಯದಲ್ಲಿ ಇನ್ನೊಂದು ತಪ್ಪು ಮಾಡು, ಬ್ಯಾಗ್ ತಗೊಂಡು ಮನೆಗೆ ಹೊರಡು” ಎಂದಿದ್ದರು. ಎಡೆಯ ದಿನ ಬೆಳಿಗ್ಗೆ ಅವರ ಪ್ರಯೋಗಶಾಲೆಯ ತ್ಯಾಜ್ಯದ ಕ್ಯಾನು ತುಂಬಿತ್ತು. ಹೊಸದು ಕೇಳಿದರೆ ಮಾತು ಕೇಳಬೇಕಾದೀತೆಂದು ಹೆದರಿ, ಉರಿಯುವ ದ್ರಾವಕವನ್ನು ಖಾಲಿ ಬಾರ್ಲಿ ಟೀ ಬಾಟಲಿಗೆ ಸುರಿದು, ಮಧ್ಯಾಹ್ನ ನಮ್ಮ ಕೋಣೆಗೆ ತರೋಣವೆಂದು ತನ್ನ ಮೇಜಿನ ಮೇಲೆ ಇಟ್ಟಳು. ಬಣ್ಣವೂ ಟೀಯದೇ. ಎಡೆಗೆ ಪಾನೀಯ ಒಟ್ಟುಮಾಡುತ್ತಾ ಬಂದವರು ಅದನ್ನೂ ಬುಟ್ಟಿಗೆ ಹಾಕಿಕೊಂಡರು. ಸೋಡಾ, ಹಣ್ಣು, ನೂಡಲ್ಸ್ ಪೊಟ್ಟಣಗಳ ನಡುವೆ, ಉರಿಯುವ ಊದುಬತ್ತಿಗಳಿಂದ ಒಂದು ಗೇಣು ದೂರದಲ್ಲಿ ಅದು ಕೂತಿತು. ಊದುಬತ್ತಿ ಮುಗಿದ ಮೇಲೆ ಎಡೆಯ ಪದಾರ್ಥವನ್ನೆಲ್ಲ ಹಂಚುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ. ಕಾರ್ಯಾಲಯದ ಶ್ಯೂ-ಛಿನ್ ಅಕ್ಕ ಕಾಗದದ ಲೋಟಗಳನ್ನು ಆಗಲೇ ಜೋಡಿಸುತ್ತಿದ್ದರು.

ಮೇಸ್ತ್ರಿಗಳು ಕಂಡದ್ದು ಎರಡೇ: ಮುಚ್ಚಳದ ಕೆಳಗಿನ ಉಂಗುರ ಒಡೆದಿತ್ತು, ಬಾಟಲಿಯ ಪಕ್ಕೆ ಉಬ್ಬಿತ್ತು. ಒಳಗಿರುವುದು ಟೀ ಅಲ್ಲ ಎಂದು ತಿಳಿಯಲು ಅವರಿಗೆ ಅಷ್ಟು ಸಾಕಾಯಿತು. ಎತ್ತಿಕೊಂಡರು. ಮೇಜಿನ ಆಚೆ ಯೂ-ಚೆನ್ ಮುಖ ಬೂದಿಯಾದದ್ದನ್ನು ಅವರೂ ಕಂಡರು, ನಾನೂ ಕಂಡೆ. ಅಷ್ಟರಲ್ಲಿ ವೆಂಗ್ ಅವರ ಮಾತು ಬಂತು. “ಇದು ನಿಮ್ಮ ಪ್ರಯೋಗಶಾಲೆಯದು” ಎಂದು ಮೇಸ್ತ್ರಿಗಳ ಒಂದು ಮಾತು ಸಾಕಿತ್ತು ಆ ನಗು ನಿಲ್ಲಿಸಲು. ಅಂದಿದ್ದರೆ ಯೂ-ಚೆನ್ ಓದು ಅಲ್ಲೇ ಮುಗಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ನೋಡುತ್ತಿದ್ದ ಎಲ್ಲ ವಿದ್ಯಾರ್ಥಿಗಳೂ ಒಂದು ಪಾಠ ಕಲಿಯುತ್ತಿದ್ದರು: ಬಚ್ಚಿಡಬೇಕು.

ಆ ಸಂಜೆ ಅವಳೇ ನಮ್ಮ ಬಾಗಿಲಿಗೆ ಬಂದಳು. ಮೂರು ಪ್ರಶ್ನೆ. ಚೀಟಿ ತುಂಬಿದಳು. ಪದವಿ ಪಡೆದು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಬರೆಯಲೇ ಎಂದು ಫೋನಿನಲ್ಲಿ ಕೇಳಿದೆ. “ಬರಿ. ನನ್ನ ಹೆಸರು ಹಾಕಿಯೇ ಬರಿ. ಚೀಟಿ ಮೇಲೆ ಹೆಸರಿರಬೇಕಲ್ವಾ?” ಎಂದಳು. ಮೇಸ್ತ್ರಿಗಳನ್ನು ಮಾತ್ರ ನಾನು ಕೇಳಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಪ್ರೊಫೆಸರ್ ವೆಂಗ್ ಅವರೂ ಈ ಪುಸ್ತಕ ಓದುತ್ತಾರೆ. ಓದಲಿ.

ನಿವೃತ್ತಿಯ ನಂತರವೂ ಬುಧವಾರಗಳಂದು ಸುತ್ತಲಿನ ಶಾಲೆಗಳ ಪ್ರಯೋಗಾಲಯಗಳಿಗೆ ಹೋಗಿ ಕಪಾಟು ಜೋಡಿಸಿಕೊಡಲು ಮೇಸ್ತ್ರಿಗಳು ಒಪ್ಪಿದ್ದಾರೆ. ಅವರ ಕಣ್ಣು ಚುರುಕಾಗಿರಲಿ, ಮೂವತ್ತೊಂದು ವರ್ಷ ಆ ಗಾಳಿಯಲ್ಲಿ ದುಡಿದ ಶ್ವಾಸಕೋಶ ಗಟ್ಟಿಯಾಗಿರಲಿ, ‘ವಾನ್-ಶೌ’ ಎಂದು ಹೆತ್ತವರು ಹೆಸರಿನಲ್ಲೇ ಇಟ್ಟ ದೀರ್ಘಾಯುಷ್ಯ ಪೂರ್ತಿ ಅವರ ಪಾಲಿಗೆ ಬರಲಿ. ಬೀಗದ ಕೈ ಈಗ ನನ್ನ ಬಳಿ ಇದೆ. ಮೂರು ಪ್ರಶ್ನೆ ನನಗೆ ಬಾಯಿಪಾಠ. ‘ಯಾಕೆ’ ಎಂಬ ನಾಲ್ಕನೆಯದನ್ನು ಕೇಳದೆ ಇರುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಆವತ್ತು ಅಂಗಳದಲ್ಲಿ ಅವರ ಪಕ್ಕದಲ್ಲೇ ನಿಂತಿದ್ದೆ. ನಗು ಇನ್ನೂ ನಿಂತಿರಲಿಲ್ಲ. “ಏನಯ್ಯ, ಬಾಯಿ ಬಿದ್ದೋಯ್ತಾ?” ಎಂದು ವೆಂಗ್ ಮತ್ತೆ ಕೇಳಿದರು. ನಾನು ಬಾಯಿ ತೆರೆದೆ. ಮೇಸ್ತ್ರಿಗಳು ನನ್ನ ತೋಳು ಹಿಡಿದು ಒಮ್ಮೆ ಅದುಮಿದರು. ಬಾಟಲಿಯನ್ನು ಅಲುಗಾಡದಂತೆ ನೆಟ್ಟಗೆ ಎದೆಗೆ ಹಿಡಿದುಕೊಂಡರು. ಊದುಬತ್ತಿಗಳಿಗೆ ಬೆನ್ನು ಮಾಡಿ, ಯೂ-ಚೆನ್ ನಿಂತಿದ್ದ ಕಡೆ ಕಣ್ಣೆತ್ತಿಯೂ ನೋಡದೆ, ಜನರ ನಡುವೆ ದಾರಿ ಮಾಡಿಕೊಂಡು ಹಿಂಬದಿಯ ಕೋಣೆಯ ಕಡೆಗೆ ನಿಧಾನವಾಗಿ ನಡೆದುಹೋದರು.