ಇನಾಮದಾರ ಸಾಹೇಬರ ಶಾಲು

ಮಾಮಾರ, ಇನಾಮದಾರ ಸಾಹೇಬರು ಅಂತ ಯಾರೂ ಇರಲಿಲ್ಲ. ನೀವು ಅಷ್ಟು ವರ್ಷ ಭಕ್ತಿಯಿಂದ ಇ-ಮೇಲ್ ಬರೆದದ್ದು, ಅಪ್ಪಣೆ ಕೇಳಿದ್ದು, ಹಬ್ಬಕ್ಕೆ ಶುಭ ಕೋರಿದ್ದು — ಎಲ್ಲ ನನಗೆ. ನಿಮ್ಮ ಸೊಸೆ ಪದ್ಮಾವತಿಗೆ. ಆ ಇಲಾಖೆ ಇರಲಿಲ್ಲ, ಆ ಕಚೇರಿ ಇರಲಿಲ್ಲ, ಸಹಿಯ ಕೆಳಗಿದ್ದ ಆ ಹುದ್ದೆ ಸರ್ಕಾರದ ಯಾವ ಮೂಲೆಯಲ್ಲೂ ಇರಲಿಲ್ಲ. ಎಲ್ಲವೂ ಬೆಲ್ಲದ ಬಾಗೇವಾಡಿಯ ನಮ್ಮ ಪಡಸಾಲೆಯಲ್ಲಿ, ನೀವು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಹುಟ್ಟಿದ್ದು.

ಬರೆಯುತ್ತಿದ್ದರೆ ನಗು ಬರುತ್ತದೆ. ತಪ್ಪೊಪ್ಪಿಗೆ ಬರೆಯುವವಳು ನಗಬಾರದು, ಗೊತ್ತು. ಆದರೆ ಆ ವರ್ಷಗಳು ಹಾಗಿದ್ದವು — ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿ ನಾನು ಇನ್ನೆಂದೂ ಸುಳ್ಳು ಹೇಳಿಲ್ಲ.

ನಿಮ್ಮ ಮಗ ಗೊಬ್ಬರದ ಅಂಗಡಿಗೆಂದು ತಂದ ಕಂಪ್ಯೂಟರು, ಅಲ್ಲಿ ಧೂಳು ಬೀಳುತ್ತದೆಂದು ಮನೆಗೇ ಬಂತು. ಟೆಲಿಫೋನಿನ ತಂತಿ ಜೋಡಿಸಿದರೆ ಕರಕರ ಸದ್ದು ಮಾಡಿ ಇಂಟರ್ನೆಟ್ಟು ಹತ್ತುವ ಕಾಲ ಅದು. ತವರುಮನೆ ಮೂಡಲಗಿಯಿಂದ ದಿನಾ ಗೋಕಾಕಕ್ಕೆ ಬಸ್ಸಿನಲ್ಲಿ ಓಡಾಡಿ ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು. ಅದರಿಂದ ಆದ ಒಂದೇ ಉಪಯೋಗವೆಂದರೆ, ಹೆಡ್‌ಮಾಸ್ತರರಾಗಿ ನಿವೃತ್ತರಾಗಿದ್ದ ನಿಮಗೆ ಇ-ಮೇಲ್ ಕಲಿಸಿದ್ದು. ಎಂಥ ವಿದ್ಯಾರ್ಥಿ ನೀವು! ವಾರದೊಳಗೆ ಹಳೆಯ ಹುಡುಗರನ್ನೆಲ್ಲ ಹುಡುಕಿ ಹುಡುಕಿ ಪತ್ರ ಬರೆಯತೊಡಗಿದಿರಿ. ಅವರ ಉತ್ತರ ಬಂದ ದಿನ ಅತ್ತೆಯನ್ನು ಅಡಿಗೆಮನೆಯಿಂದ ಕರೆದು ಓದಿ ಹೇಳುತ್ತಿದ್ದಿರಿ.

ಆಮೇಲೆ ಆ ಪತ್ರ ಬಂತು. ನಿಮ್ಮ ಅಂಚೆಪೆಟ್ಟಿಗೆ ಮುಚ್ಚಲಾಗುವುದು, ತಕ್ಷಣ ಹೆಸರು, ಪಾಸ್‌ವರ್ಡ್, ಜನ್ಮದಿನಾಂಕ ಕಳಿಸಿರಿ ಅಂತ. ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು, ಇಲ್ಲವೇ ಸೋಮಾರಿತನದಿಂದಾದರೂ ಬಿಡುತ್ತಿದ್ದರು. ನೀವು ನೌಕರಿಯುದ್ದಕ್ಕೂ ಮೇಲಿನಿಂದ ಬಂದ ಕಾಗದಕ್ಕೆ ಅದೇ ದಿನ ಉತ್ತರ ಕೊಟ್ಟವರು. ಕೊಟ್ಟಿರಿ. ಕೇಳಿದ್ದನ್ನಷ್ಟೇ ಅಲ್ಲ, ಕೇಳದ ತಾಯಿಯ ಹೆಸರನ್ನೂ ಸೇರಿಸಿ, ಕೆಳಗೆ 'ತಮ್ಮ ವಿಧೇಯ' ಎಂದು ಬರೆದು ಕೊಟ್ಟಿರಿ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕೌಜಲಗಿಯ ಸಿದ್ದಪ್ಪ ಬಂದದ್ದು ನೆನಪಿದೆಯೇ? ನಿಮ್ಮ ಹಳೆಯ ವಿದ್ಯಾರ್ಥಿ, ಗೋಕಾಕದಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ಕೈಯಲ್ಲಿ ಎಳನೀರು, ಮುಖದಲ್ಲಿ ಜೀವ ಇಲ್ಲ. ನೀವು ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಿರಿ. ಅವರು ನಿಮ್ಮ ಕಾಲು ಹಿಡಿದು ಅಳುತ್ತ ನಗುತ್ತ, "ಸರ, ಲಂಡನ್ನಿನ್ಯಾಗ ದವಾಖಾನಿ ಸೇರೇನಿ, ರೊಕ್ಕ ಕಳಸು ಅಂತ ನೀವ ಬರದೀರಲ್ರಿ! ಅಲ್ಲೀತನಾ ಬರೂದು ನನ್ನ ಕಡೆ ಆಗಂಗಿಲ್ಲ, ಮನೀಗರೆ ಹೋಗಿ ಕೇಳೂಣಂತ ಬಂದ್ನಿರಿ" ಎಂದರು.

ನಾವೆಲ್ಲ ನಕ್ಕೆವು. ನೀವು ನಗಲಿಲ್ಲ. ಆ ದಿನ ಊಟಕ್ಕೂ ಏಳಲಿಲ್ಲ. "ನನ್ನ ಹೆಸರ ತಗೊಂಡು ಯಾರೋ ನನ್ನ ಹುಡುಗರ ಮುಂದ ಕೈ ಚಾಚ್ಯಾರ ಪದ್ಮಾ. ಇನ್ನ ನಾ ಖರೇನ ಬರದ್ರೂ ಯಾರ ನಂಬತಾರ?" ಎಂದಿರಿ. ಇಂಥದ್ದು ನಿಮಗೆ ಇನ್ನೊಮ್ಮೆ ಆಗಬಾರದು ಎಂದು ಅವತ್ತೇ ನಿಶ್ಚಯ ಮಾಡಿದೆ.

ಹೊಸ ವಿಳಾಸ ಮಾಡಿಕೊಟ್ಟೆ. ಗುರುತಿಲ್ಲದವರಿಗೆ ಉತ್ತರ ಕೊಡಬೇಡಿ ಎಂದು ಕೈಮುಗಿದು ಹೇಳಿದೆ. ಹೂಂ ಅಂದಿರಿ. ಮರುವಾರ ನೋಡಿದರೆ ಇನ್ನೊಬ್ಬ ಕಳ್ಳನಿಗೆ ಅರ್ಧ ಉತ್ತರ ಬರೆದು ಕೂತಿದ್ದಿರಿ. ಕೇಳಿದರೆ, "ಮ್ಯಾಲಿಂದ ಬಂದ ಪತ್ರಕ್ಕ ಸುಮ್ನ ಕುಂಡ್ರೂದು ಹೆಂಗವಾ?" ಸೊಸೆಯ ಮಾತು ನಿಮಗೆ ಪ್ರೀತಿಯದೇ. ಆದರೆ ಅದು ಸುತ್ತೋಲೆ ಅಲ್ಲವಲ್ಲ!

ಸರಿ, ಸುತ್ತೋಲೆಯೇ ಬೇಕಾದರೆ ಸುತ್ತೋಲೆ ಎಂದು, ಎಂ. ಕೆ. ಇನಾಮದಾರ, ಇ-ಅಂಚೆ ತಪಾಸಣಾಧಿಕಾರಿ ಎಂಬ ಹೆಸರಿನಲ್ಲಿ ಒಂದು ವಿಳಾಸ ತೆರೆದೆ. ಕಳ್ಳರು ಅಧಿಕಾರಿಗಳ ವೇಷ ಹಾಕಿ ನಿಮ್ಮನ್ನು ಮೋಸ ಮಾಡಿದರು, ನಾನು ಅದೇ ವೇಷ ಹಾಕಿ ಬಾಗಿಲು ಕಾಯಲು ನಿಂತೆ. ಸರ್ಕಾರಿ ಇಂಗ್ಲಿಷಿನಲ್ಲಿ ಬರೆದೆ — 'ನಿವೃತ್ತ ಮುಖ್ಯೋಪಾಧ್ಯಾಯರಿಗೆ ಈ ಮೂಲಕ ತಿಳಿಸುವುದೇನೆಂದರೆ, ಮಾಹಿತಿ ಕೇಳಿ ಬರುವ ಯಾವುದೇ ಪತ್ರವನ್ನು ಮೊದಲು ಈ ಕಚೇರಿಗೆ ಕಳಿಸತಕ್ಕದ್ದು. ಅನುಮತಿ ಇಲ್ಲದೆ ಉತ್ತರಿಸಕೂಡದು.'

ಸಂಜೆ ಎದ್ದು ಓದಿದಿರಿ. ಎದ್ದು ನಿಂತು ಓದಿದಿರಿ, ಮಾಮಾರ. ಆವತ್ತಿನಿಂದ ಒಂದು ಕಳ್ಳಪತ್ರವೂ ನನ್ನ ಕಣ್ಣು ತಪ್ಪಿಸಲಿಲ್ಲ. 'ಇದು ಮೋಸದ ಪತ್ರ. ಇವರ ಕಾಲ ಹರಣ ಮಾಡಲು ಸುಳ್ಳು ಹೆಸರು, ಸುಳ್ಳು ವಿವರ ಕೊಡಬಹುದು' ಎಂದು ಸಾಹೇಬರು ಒಮ್ಮೆ ಸಲಹೆ ಕೊಟ್ಟರು. ನಿಮ್ಮ ಉತ್ತರ ಇವತ್ತಿಗೂ ಬಾಯಿಪಾಠ ಇದೆ: 'ಸುಳ್ಳು ಬರೆಯಲಾರೆ, ಕ್ಷಮಿಸಬೇಕು. ಆದರೆ ನಿಯಮದ ಪ್ರಕಾರ ಕಾಲ ಹರಣ ಮಾಡಬಲ್ಲೆ.'

ಮಾಡಿದಿರಿ ನೋಡಿ! ತಮ್ಮ ಪತ್ರದಲ್ಲಿ ಉಲ್ಲೇಖ ಸಂಖ್ಯೆ ಇಲ್ಲ, ಸರಿಪಡಿಸಿ ಮರಳಿ ಸಲ್ಲಿಸಿರಿ. ಮೊಹರು ಕಾಣುತ್ತಿಲ್ಲ. ತಮ್ಮ ಮೇಲಧಿಕಾರಿಗಳ ಮೂಲಕ ಬರಬೇಕಿತ್ತು, ನೇರವಾಗಿ ಬಂದದ್ದೇಕೆ? ಯಾವುದೋ ದೇಶದ ಆ ಕಳ್ಳ ಪಾಪ, ಉಲ್ಲೇಖ ಸಂಖ್ಯೆ ಹಾಕಿ ಕಳಿಸಿದ. ಮೊಹರು ಹಾಕಿ ಕಳಿಸಿದ. ನೀವು ಅವನ ಇಂಗ್ಲಿಷಿನ ತಪ್ಪು ತಿದ್ದಿ ವಾಪಸು ಮಾಡಿದಿರಿ. ಕೊನೆಗೆ, 'ದಯಮಾಡಿ ನನಗೆ ಬರೆಯಬೇಡಿ ಸರ್' ಎಂದು ಅವನೇ ಕೈಮುಗಿದ. ಅದನ್ನು ಓದಿ ನೀವು ನಕ್ಕ ನಗುವಿಗೆ ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು. ನಿಮ್ಮ ಹೆಸರು ನಿಮಗೆ ವಾಪಸು ಸಿಕ್ಕಿತ್ತು.

ಇಲ್ಲಿಯವರೆಗಿನದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಇಲ್ಲಿಗೇ ನಿಲ್ಲಿಸಬೇಕಿತ್ತು — ನಿಲ್ಲಿಸಲಿಲ್ಲ.

ಹುಕ್ಕೇರಿಯಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸ್ ತೆರೆದವರು, ಕಲಿಸಲು ಬರುತ್ತೀರಾ ಎಂದು ನನ್ನನ್ನು ಕೇಳಿದ್ದರು. ನೀವು ಬೇಡ ಎಂದಿದ್ದಿರಿ. ಸಿಟ್ಟಿನಿಂದಲ್ಲ. "ನಮ್ಮ ಮನಿ ಸೊಸಿ ಬಸ್ಸಿಗೆ ನಿಂತ್ರ ಮಂದಿ ಏನಂತಾರವಾ" ಎಂದು, ನನ್ನ ಮುಖ ನೋಡದೆ ಹೇಳಿದ್ದಿರಿ. ಎರಡು ವರ್ಷ ಆ ಮಾತು ಮತ್ತೆ ಬರಲಿಲ್ಲ. ಒಂದು ಮಧ್ಯಾಹ್ನ ಸಾಹೇಬರ ಪೆಟ್ಟಿಗೆ ತೆರೆದರೆ ನಿಮ್ಮ ಪತ್ರ: ನಮ್ಮ ಸೊಸೆಗೆ ಹುಕ್ಕೇರಿಯಿಂದ ಮತ್ತೆ ಕರೆ ಬಂದಿದೆ, ಕಳಿಸಲೋ ಬೇಡವೋ ತಿಳಿಯದು, ತಮ್ಮ ಅಭಿಪ್ರಾಯ ತಿಳಿಸಬೇಕು.

ಕುರ್ಚಿಯಿಂದ ಎದ್ದೆ. ನೀರು ಕುಡಿದೆ. ನೀವು ಒಳಗೆ ಗೊರಕೆ ಹೊಡೆಯುತ್ತಿದ್ದಿರಿ. ಒಳಗೆ ಬಂದು ನಿಮ್ಮನ್ನೇ ಎಬ್ಬಿಸಿ, ನಾನು ಹೋಗ್ತೀನಿ ಮಾಮಾರ ಎಂದು ಬಾಯಿ ಬಿಟ್ಟು ಕೇಳಬಹುದಿತ್ತು. ಅಷ್ಟು ಧೈರ್ಯ — ಇರಲಿಲ್ಲ. ಕೂತು ಬರೆದೆ: 'ಅವಶ್ಯವಾಗಿ ಕಳಿಸಿರಿ. ಇಂಥವರ ಸೇವೆ ತಾಲೂಕಿಗೆ ಬೇಕಾಗಿದೆ.'

ಮರುದಿನ ಬೆಳಿಗ್ಗೆ ನೀವೇ ಬಸ್ ಸ್ಟ್ಯಾಂಡಿಗೆ ಬಂದಿರಿ. ನನ್ನ ಊಟದ ಡಬ್ಬಿ ನಿಮ್ಮ ಕೈಯಲ್ಲಿ. ಯಾರೋ ಕೇಳಿದರೆ, "ಸಾಹೇಬ್ರ ಆದೇಶ ಆಗೈತ್ರಿ" ಎಂದು ಎದೆಯುಬ್ಬಿಸಿ ಹೇಳಿದಿರಿ. ಕಿಟಕಿ ಪಕ್ಕ ಕೂತು ಹುಕ್ಕೇರಿ ಬರುವತನಕ ನಕ್ಕೆ ನಾನು, ಹುಚ್ಚಿಯ ಹಾಗೆ. ಆಮೇಲಿನ ನನ್ನ ಸಂತೋಷವೆಲ್ಲ — ನನ್ನ ಕ್ಲಾಸಿನ ಹುಡುಗಿಯರು, ನನ್ನ ಪಗಾರ, ಮೇಡಮ್ ಎಂದು ಬೀದಿಯಲ್ಲಿ ಕರೆಯುವ ದನಿಗಳು — ಆ ಒಂದು ಸುಳ್ಳಿನ ಮೇಲೆ ನಿಂತಿದೆ.

ಆದರೆ ನನ್ನನ್ನು ಚುಚ್ಚುವುದು ಅದೂ ಅಲ್ಲ. ಆ ವರ್ಷದ ಕ್ಷಮಾವಾಣಿ.

ದಶಲಕ್ಷಣ ಮುಗಿದ ಮೇಲೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ನಾವು ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ನೀವು ಸಾಹೇಬರಿಗೂ ಬರೆದಿರಿ. ಆ ಸಲ ಇಂಗ್ಲಿಷ್ ಬಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದಿದ್ದಿರಿ. 'ಮಂದಿಗೆ ಅಂಜಿ ಎರಡು ವರ್ಷ ಆ ಹುಡುಗಿಯನ್ನು ಮನೆಯಲ್ಲಿ ಕೂಡಿಸಿದೆ. ಸಾಲಿಯಲ್ಲಿ ಊರ ಹೆಣ್ಣುಮಕ್ಕಳನ್ನೆಲ್ಲ ಓದಿರಿ ಎಂದು ಹುರಿದುಂಬಿಸಿದವ ನಾನು. ಅವಳ ಮುಂದೆ ನಿಂತು ಹೇಳಲು ಬಾಯಿ ಬರುತ್ತಿಲ್ಲ. ತಮ್ಮ ಮುಂದಾದರೂ ಹೇಳುತ್ತಿದ್ದೇನೆ, ಕ್ಷಮೆ ಇರಲಿ.'

ಅತ್ತುಬಿಟ್ಟೆ. ಆಗ ಹೇಳಬೇಕಿತ್ತು. ಆಗಲಾದರೂ! ನಾನೇನು ಮಾಡಿದೆ? 'ಕ್ಷಮಿಸಲಾಗಿದೆ' ಎಂದು ಒಂದೇ ಪದ ಬರೆದೆ, ಸಾಹೇಬರ ಸಹಿ ಹಾಕಿದೆ. ಸಂಜೆ ನೀವು ನನ್ನ ಮುಂದೆ ಕೈಮುಗಿದು ನಿಂತಾಗ ಏನೋ ಹೇಳಲು ಬಾಯಿ ತೆರೆದಿರಿ. ಆಮೇಲೆ ಹಗುರಾಗಿ ನಕ್ಕು, ಎಲ್ಲರಿಗೂ ಹೇಳುವಂತೆ "ಉತ್ತಮ ಕ್ಷಮಾ" ಎಂದಷ್ಟೇ ಅಂದಿರಿ. ನಿಮ್ಮ ಭಾರ ಮಧ್ಯಾಹ್ನವೇ ಇಳಿದಿತ್ತು. ನನಗೆ ಸೇರಬೇಕಿದ್ದ ಮಾತನ್ನು ಇಲ್ಲದ ಮನುಷ್ಯನೊಬ್ಬ ನಡುವೆಯೇ ತೆಗೆದುಕೊಂಡಿದ್ದ, ಆ ಮನುಷ್ಯ ನಾನೇ ಆಗಿದ್ದೆ.

ಅದಾದ ಮೇಲೆ ಸಾಹೇಬರ ಹೆಸರು ಬರೆಯಲು ಕೈ ಏಳುತ್ತಿರಲಿಲ್ಲ. ಕಳ್ಳಪತ್ರ ಗುರುತಿಸುವುದರಲ್ಲಿ ನೀವು ನನ್ನನ್ನೂ ಮೀರಿಸಿದ ಮೇಲೆ, ಅವರಿಗೆ ವರ್ಗವಾಯಿತೆಂದು ತಿಳಿಸಿದೆ. ಪೀಡೆ ಕಳೆಯಿತು ಅಂದುಕೊಂಡರೆ, ಅಧಿಕಾರಿಗೆ ವರ್ಗವಾದರೆ ಬೀಳ್ಕೊಡುಗೆ ಕೊಡದೆ ಬಿಡುವವರೇ ನೀವು? ಗೋಕಾಕಕ್ಕೆ ಹೋಗಿ ಕರದಂಟಿನ ಡಬ್ಬಿ, ಜರಿಯಂಚಿನ ಶಾಲು ತಂದಿರಿ. ನಾನೇ ಕೊಟ್ಟು ಬರುತ್ತೇನೆ ಎಂದು ಹಟ ಹಿಡಿದಿರಿ. ಹುಕ್ಕೇರಿಯಿಂದ ಕಚೇರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ ಎಂದು ಇನ್ನೊಂದು ಸುಳ್ಳು ಹೇಳಿ ಇಸಿದುಕೊಂಡೆ. ಅತ್ತೆ ಮಾತ್ರ, "ಆ ಸಾಹೇಬಗ ಮನೀ ಮಂದಿ ಇಲ್ಲೇನ? ಯಾವಾಗಲೂ ನಾವು ಉಂಡು ಮಕ್ಕೊಂಡಾಗ ಪತ್ರ ಬರೀತಿದ್ದ" ಎಂದರು. ನಾನು ಶಾಲು ಮಡಚುವ ನೆವದಲ್ಲಿ ತಲೆ ತಗ್ಗಿಸಿದೆ. ಕರದಂಟನ್ನು ಕ್ಲಾಸಿನ ಹುಡುಗಿಯರು ತಿಂದು ಮುಗಿಸಿದರು, ನನ್ನ ಪಾಲಿನದನ್ನೂ ಅವರಿಗೇ ಕೊಟ್ಟೆ. ಶಾಲು ಟ್ರಂಕಿನ ತಳದಲ್ಲಿ, ಸರ್ಟಿಫಿಕೇಟು ಇದ್ದ ಜಾಗದಲ್ಲಿ, ಇವತ್ತಿಗೂ ಇದೆ.

ಈಗ ನಿಮಗೆ ಮೊಬೈಲಿನಲ್ಲಿ ಕಳ್ಳರ ಕರೆಗಳು ಬರುತ್ತವೆ. ಇಡೀ ಮನೆ ಕೇಳುವಂತೆ, "ನಿಮ್ಮ ಮ್ಯಾಲಿನ ಸಾಹೇಬ್ರ ಹೆಸರ ಹೇಳ್ರಿ ಮೊದಲ" ಎಂದು ಗದರಿಸುತ್ತೀರಿ. ಅದನ್ನು ಕೇಳಿ ಹಿಗ್ಗುತ್ತೇನೆ, ಒಳಗೊಳಗೇ ಕುಗ್ಗುತ್ತೇನೆ. ಅಂದಿನಿಂದ ಪ್ರತಿ ಕ್ಷಮಾವಾಣಿಗೂ, ಗೊತ್ತಿದ್ದೋ ಗೊತ್ತಿಲ್ಲದೆಯೋ ಎಂಬ ಎರಡು ಪದಗಳ ಮರೆಯಲ್ಲಿ ನಿಂತು ನಿಮಗೆ ಕೈಮುಗಿದಿದ್ದೇನೆ. ಗೊತ್ತಿದ್ದೇ ಮಾಡಿದ್ದು, ಮಾಮಾರ.

ನಾಳೆ ಮತ್ತೆ ಆ ದಿನ. ಇದನ್ನು ಕಳಿಸುವುದಿಲ್ಲ, ಇನ್ನು ನಮ್ಮಿಬ್ಬರ ನಡುವೆ ಪತ್ರ ಬೇಡ. ಶಾಲನ್ನು ಬಿಸಿಲಿಗೆ ಹಾಕಿದ್ದೇನೆ. ಬೆಳಿಗ್ಗೆ ಬಸದಿಯಿಂದ ಬಂದು ನೀವು ಕಟ್ಟೆಯ ಮೇಲೆ ಕೂತಾಗ ಅದನ್ನು ನಿಮ್ಮ ಹೆಗಲಿಗೆ ಹೊದಿಸಿ, ಎದುರಿಗೆ ನಿಂತು, ಮುಖ ನೋಡಿಯೇ ಹೇಳುತ್ತೇನೆ: "ಮಾಮಾರ, ಇನಾಮದಾರ ಸಾಹೇಬ್ರು ನಾನ ಇದ್ದೆ."